ಹನ್ನೊಂದು ಜನರ ಉಸಿರು

ಗ್ರಾಸಿ ಫೋರ್ಕ್, ಕೆಂಟಕಿ
11 ಮಾರ್ಚ್ 1997

ಎಮೆಟ್,

ನಿಮ್ಮ ಆರೋಗ್ಯ ಇಲಾಖೆಯಿಂದ ನಮ್ಮ ಚಿಕಿತ್ಸಾಲಯಕ್ಕೆ ದಪ್ಪ ಲಕೋಟೆಯೊಂದು ಬಂದಿದೆ. ನಿನಗೆ ಗೊತ್ತಾಗದೆ ಬಂದಿರಲಾರದು. ಕ್ರಿಸ್ಮಸ್ಸಿಗೆ ಬಂದು ಮೂರು ದಿನ ನನ್ನ ಮನೆಯಲ್ಲಿ ಉಂಡೆ. ಈ ವಿಷಯ ಮಾತ್ರ ನಿನ್ನ ಬಾಯಿಂದ ಬರಲಿಲ್ಲ.

ಇಷ್ಟು ವರ್ಷ ನಮಗೆ ಬರುತ್ತಿದ್ದದ್ದು ಬರೀ ಅನುದಾನ. ನೀವು ಕೊಡುತ್ತಿದ್ದಿರಿ, ವರ್ಷಕ್ಕೊಮ್ಮೆ ವರದಿ ಕೇಳುತ್ತಿದ್ದಿರಿ, ದೂರ ಇರುತ್ತಿದ್ದಿರಿ. ಈ ಸಲ ಅದಕ್ಕೆ 'ಸಹಕಾರ ಒಪ್ಪಂದ' ಎಂದು ಹೆಸರಿಟ್ಟಿದ್ದಾರೆ. ಇನ್ನು ಮುಂದೆ ನಿಮ್ಮ ಇಲಾಖೆಯ ವಿಜ್ಞಾನಿಯೊಬ್ಬರು ನಮ್ಮ ಜೊತೆ ಕೂತು ಕೆಲಸ ಮಾಡುತ್ತಾರಂತೆ. ಪರೀಕ್ಷೆ ಹೇಗೆ ನಡೆಸಬೇಕು ಎಂದು ಅವರೂ ಹೇಳುತ್ತಾರಂತೆ, ಪ್ರತಿಯೊಂದು ಕಾಗದವನ್ನೂ ನೋಡುತ್ತಾರಂತೆ. ಹದಿನಾರು ವರ್ಷದಿಂದ ಕಲ್ಲಿದ್ದಲು ಗಣಿಯವರ ಬಾಯಿಗೆ ಉಸಿರು ಅಳೆಯುವ ಕೊಳವೆ ಕೊಟ್ಟು 'ಊದು, ಇನ್ನೂ ಊದು' ಎನ್ನುತ್ತ ಬಂದವಳು ನಾನು. ಈಗ ನನ್ನ ಹೆಗಲ ಮೇಲಿಂದ ಇಣುಕಲು ಯಾಕೆ ಒಬ್ಬರು ಬೇಕಾಯಿತು?

ಇನ್ನೊಂದು ಷರತ್ತಿದೆ. ಹೋದ ವರ್ಷ ಊದಿದ ನೂರನಲವತ್ತು ಜನರಲ್ಲಿ ನೂರಹನ್ನೆರಡು ಜನ ಈ ವರ್ಷವೂ ಬಂದು ಊದಬೇಕು. ಒಬ್ಬ ಕಡಿಮೆಯಾದರೂ ಈ ಪರೀಕ್ಷೆ ನಡೆಸುವ ನಮ್ಮ ಉಸಿರಿನ ಕೊಠಡಿ ಮುಚ್ಚಬಹುದು. ಮುಚ್ಚಿದರೆ ಇಲ್ಲಿಯವರು ಎದೆ ತೋರಿಸಲು ಎರಡೂವರೆ ಗಂಟೆ ಗಾಡಿ ಓಡಿಸಬೇಕು. ಯಾರೂ ಹೋಗುವುದಿಲ್ಲ, ನಿನಗೇ ಗೊತ್ತು.

ಸುದ್ದಿ ಆಗಲೇ ಗಣಿಯ ಬಾಯಿಯವರೆಗೆ ಹೋಗಿದೆ. ನಿನ್ನೆ ಇಬ್ಬರು ಬಂದು ಬಾಗಿಲಲ್ಲೇ ನಿಂತರು.

"ರೊವೀನಾ, ಸರ್ಕಾರದೋರು ಬಂದು ಕೂರ್ತಾರಂತೆ, ಹೌದಾ?"

"ಕೂರ್ತಾರೆ. ಕಾಗದದಲ್ಲಿ ನಿಮ್ಮ ಹೆಸರಿರಲ್ಲ, ಬರೀ ನಂಬರ್."

"ನಂಬರ್ ಯಾರ್ದು ಅಂತ ನಿಂಗೊತ್ತಲ್ಲ. ನಿಂಗೊತ್ತಿದ್ರೆ ಅವ್ರಿಗೂ ಗೊತ್ತು. ಅವ್ರಿಗೆ ಗೊತ್ತಿದ್ರೆ ಕಂಪನಿಗೂ ಗೊತ್ತು. ಎದೆ ಕೆಟ್ಟಿದೆ ಅಂದ್ರೆ ಕೆಲಸ ಉಳಿಯುತ್ತಾ?"

ನಿನ್ನ ಭಾವ ಲೂಥರ್‌ಗೆ ಗಣಿಯ ಪಿಂಚಣಿ ಸಿಗಲು ಎರಡು ವರ್ಷ ಮೂರು ತಿಂಗಳು ಉಳಿದಿದೆ. ಅವನೂ ಆ ಇಬ್ಬರ ಮಾತೇ ಆಡುತ್ತಾನೆ. ನಿಮ್ಮ ಇಲಾಖೆಗೆ ನಮ್ಮಿಂದ ಏನು ಬೇಕು, ಎಮೆಟ್? ಸರಿಯಾಗಿ ಹೇಳು.

ನಿನ್ನ ಅಕ್ಕ
ರೊವೀನಾ


ಮೇರಿಲ್ಯಾಂಡ್
20 ಮಾರ್ಚ್ 1997

ಅಕ್ಕ,

ನೀನು ಕೇಳಿದ್ದಕ್ಕೆ ಉತ್ತರ ಕೊಡುವ ಹಕ್ಕು ನನಗಿಲ್ಲ. ಏಕೆ ಎಂಬುದನ್ನಷ್ಟೇ ಹೇಳುತ್ತೇನೆ.

ನನ್ನ ಅಕ್ಕ ಆ ಚಿಕಿತ್ಸಾಲಯದಲ್ಲಿ ಕೆಲಸ ಮಾಡುತ್ತಾಳೆ ಎಂದು ನಾನು ಕೆಲಸಕ್ಕೆ ಸೇರಿದ ದಿನವೇ ಬರೆದುಕೊಟ್ಟಿದ್ದೇನೆ. ನಿಮ್ಮ ಕಡತವನ್ನು ನಾನು ಮುಟ್ಟುವಂತಿಲ್ಲ. ಸಭೆಯಲ್ಲಿ ನಿಮ್ಮ ಚಿಕಿತ್ಸಾಲಯದ ಹೆಸರು ಬಂದ ಕೂಡಲೇ ಎದ್ದು ಹೊರಗೆ ಹೋಗಬೇಕು. ಬಾಗಿಲು ಹಾಕಿಕೊಳ್ಳುತ್ತಾರೆ. ನಾನು ಪಡಸಾಲೆಯಲ್ಲಿ ತಿಂಡಿ ಮಾರುವ ಯಂತ್ರದ ಮುಂದೆ ನಿಂತಿರುತ್ತೇನೆ. ಮುಗಿದ ಮೇಲೆ ಯಾರಾದರೂ ಬಂದು ಕರೆಯುತ್ತಾರೆ. ಒಳಗೆ ಏನಾಯಿತು ಎಂದು ನಾನು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಯಾರು ಬೇಕಾದರೂ ಓದಬಹುದಾದ ನಿಯಮವನ್ನು ಹೇಳಬಲ್ಲೆ. ಅನುದಾನದಲ್ಲಿ ಇಲಾಖೆ ಪಕ್ಕಕ್ಕೆ ನಿಲ್ಲುತ್ತದೆ. ಸಹಕಾರ ಒಪ್ಪಂದದಲ್ಲಿ ಕೈ ಹಾಕುತ್ತದೆ. ಬೇರೆ ಬೇರೆ ಊರಿನ ಚಿಕಿತ್ಸಾಲಯಗಳು ಒಂದೇ ಪ್ರಶ್ನೆಯನ್ನು ಒಂದೇ ರೀತಿ ಕೇಳಬೇಕಾದಾಗ ಹಾಗೆ ಮಾಡುತ್ತಾರೆ. ನಿಮ್ಮ ಅಧ್ಯಯನದ ಪ್ರಶ್ನೆ ಏನೆಂದು ನಿನಗೆ ಗೊತ್ತು. ಗಣಿಯ ಗಾಳಿಯಲ್ಲಿ ಇಷ್ಟೇ ಧೂಳಿರಬೇಕು ಎಂದು ಈಗ ಹಾಕಿರುವ ಮಿತಿ ಗಣಿಯವರ ಎದೆಯನ್ನು ಕಾಯುತ್ತದೋ ಇಲ್ಲವೋ ಎಂಬುದು.

ಕೊನೆಯದಾಗಿ ಒಂದು ಮಾತು, ದಯವಿಟ್ಟು ನೆನಪಿಡು. ಆ ಅಧ್ಯಯನದ ಬಗ್ಗೆ ನನ್ನ ಕೈಗೆ ಏನೇ ಬಂದರೂ ಅದನ್ನು ನಾನು ಕಡತಕ್ಕೆ ಒಪ್ಪಿಸಬೇಕು. ತಮ್ಮನಿಗೆ ಬರೆದ ಪತ್ರ ಎಂಬ ವಿನಾಯಿತಿ ಇಲ್ಲ. ಹಾಗಾಗಿ ಭಾವನ ಬಗ್ಗೆ ಬರೆ, ತೋಟದ ಬಗ್ಗೆ ಬರೆ.

ಎಮೆಟ್


ಗ್ರಾಸಿ ಫೋರ್ಕ್
19 ಮೇ 1997

ಎಮೆಟ್,

ತೋಟದಲ್ಲಿ ಆಲೂಗಡ್ಡೆ ಮೊಳೆತಿದೆ. ತೋಟದ ಸುದ್ದಿ ಮುಗಿಯಿತು.

ನಿಮ್ಮ ಇಲಾಖೆಯ ವಿಜ್ಞಾನಿ ಶ್ರೀಮತಿ ಹಾಲ್ವರ್ಸನ್ ಬಂದು ಹೋದರು. ಬೂದು ಕೋಟಿನ ಎತ್ತರದ ಹೆಂಗಸು, ಮಾತು ಕಡಿಮೆ. ನನ್ನ ಯಂತ್ರದ ಮುಂದೆ ಎರಡು ದಿನ ಕೂತರು. ಊದಿದಾಗ ಕಾಗದದ ಮೇಲೆ ಗೆರೆ ಎಳೆಯುವ ಸೂಜಿ ಹೇಗೆ ಓಡುತ್ತದೆ, ಮೂಗಿಗೆ ಚಿಮಟ ಹೇಗೆ ಹಾಕುತ್ತೇನೆ, ಪ್ರತಿಯೊಬ್ಬರೂ ಮೂರು ಸಲ ಸರಿಯಾಗಿ ಊದುತ್ತಾರೋ ಎಂದೆಲ್ಲ ನೋಡಿ ಬರೆದುಕೊಂಡರು. ತಪ್ಪು ಹುಡುಕಲಿಲ್ಲ. ತಪ್ಪು ಹುಡುಕದವರನ್ನು ಕಂಡರೆ ನನಗೆ ಇನ್ನೂ ಭಯ.

ಮಧ್ಯಾಹ್ನ ಮನೆಗೆ ಕರೆದೆ. ಬೀನ್ಸ್ ಕಾಳು ಬೇಯಿಸಿ, ಮೆಕ್ಕೆಜೋಳದ ರೊಟ್ಟಿ ಮಾಡಿ, ಹಸಿ ಈರುಳ್ಳಿ ಹೆಚ್ಚಿಟ್ಟಿದ್ದೆ. ಚೆನ್ನಾಗಿಯೇ ಉಂಡರು. ಅವರು ಹೋದ ಮೇಲೆ ತಟ್ಟೆ ಎತ್ತಿದರೆ ಕೆಳಗೆ ನಾಲ್ಕು ಡಾಲರ್. ಲೂಥರ್ ಆ ನೋಟುಗಳನ್ನು ಮುಟ್ಟಲಿಲ್ಲ.

"ನಮ್ಮನೇನ ಹೋಟ್ಲು ಅಂದ್ಕೊಂಡ್ಳಾ?"

"ಅವರ ರೂಲ್ಸ್ ಇರ್ಬೋದು."

"ಒಂದು ಊಟದ ಋಣ ಇಟ್ಕೊಳ್ಳಕ್ಕೆ ಹೆದರೋಳು ನಾಳೆ ನಮ್ಮ ಪರವಾಗಿ ಒಂದು ಮಾತಾಡ್ತಾಳಾ? ಸುಮ್ನಿರು."

ಈ ಮಾತೂ ಊರೆಲ್ಲ ಹಬ್ಬಿತು. ಊಟಕ್ಕೆ ದುಡ್ಡಿಟ್ಟು ಹೋದವಳು ಎಂದೇ ಅವರನ್ನು ಈಗ ಕರೆಯುತ್ತಾರೆ. ಅವರು ಬಂದು ಹೋದ ಮೇಲೆ ಪರೀಕ್ಷೆಗೆ ಬರುವವರು ನಿಂತೇ ಹೋದರು. ನಿವೃತ್ತರಾದವರು ಬಂದರು. ಇನ್ನೂ ಗಣಿಗೆ ಇಳಿಯುವವರಲ್ಲಿ ಬಹಳ ಜನ ಬರಲಿಲ್ಲ. ಇವತ್ತಿಗೆ ನೂರನಾಲ್ಕು. ಇನ್ನೂ ಎಂಟು ಜನ ಬೇಕು, ಜೂನ್ ಹತ್ತರ ಒಳಗೆ.

ಇದನ್ನು ಕಡತಕ್ಕೆ ಒಪ್ಪಿಸುವುದಾದರೆ ಒಪ್ಪಿಸು. ಲೆಕ್ಕ ಅವರಿಗೆ ಗೊತ್ತಿರುವುದೇ.

ಜೂನ್ ಎರಡನೇ ಭಾನುವಾರ ಗುಡ್ಡದ ಮೇಲೆ ಅಪ್ಪ ಅಮ್ಮನ ಸಮಾಧಿಯ ಹತ್ತಿರ ಪ್ರಾರ್ಥನೆ, ಆಮೇಲೆ ಊಟ. ನಮ್ಮ ಚರ್ಚಿನ ಎಲ್ಬರ್ಟ್ ಹಾಡಿಸುತ್ತಾನೆ. ಬರುತ್ತೀಯಲ್ಲ?

ರೊವೀನಾ


ಮೇರಿಲ್ಯಾಂಡ್
16 ಜೂನ್ 1997

ಅಕ್ಕ,

ಕ್ಷೇಮವಾಗಿ ತಲುಪಿದೆ. ನೀನು ಕಟ್ಟಿಕೊಟ್ಟ ಸೇಬಿನ ಕೇಕು ಇನ್ನೂ ಅರ್ಧ ಇದೆ.

ಎಲ್ಬರ್ಟ್ ಹಾಡಿದ್ದನ್ನು ಮರೆಯಲಾಗುತ್ತಿಲ್ಲ. ಅವನು ಒಂದು ಸಾಲನ್ನು ಹೇಳಿಕೊಟ್ಟರೆ ಇಡೀ ಗುಡ್ಡ ಅದನ್ನು ಹಿಡಿದು ಎಳೆಯುತ್ತದೆ. ನಾವೆಲ್ಲ ಮಧ್ಯೆ ಎರಡೆರಡು ಸಲ ಉಸಿರು ತೆಗೆದುಕೊಂಡೆವು. ಅವನು ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದ. ಜೀವಮಾನವೆಲ್ಲ ಶಾಲೆಯ ಬಸ್ಸು ಓಡಿಸಿದವನು, ಒಂದು ದಿನವೂ ಗಣಿಗೆ ಇಳಿಯದವನು. ಎದೆ ಅಂದರೆ ಅದು.

ಭಾವನ ಬಗ್ಗೆ ಕೇಳಬೇಕು. ಗುಡ್ಡ ಹತ್ತುವಾಗ ಅವರು ಎರಡು ಸಲ ನಿಂತರು. ಎರಡು ಸಲವೂ ಬಗ್ಗಿ ಬೂಟಿನ ದಾರ ಕಟ್ಟಿಕೊಂಡಂತೆ ಮಾಡಿದರು. ನಾನು ಹಿಂದೆಯೇ ಇದ್ದೆ. ಅವರು ಹಾಕಿದ್ದು ದಾರವಿಲ್ಲದ ಬೂಟು.

ಅವರು ಪರೀಕ್ಷೆಗೆ ಬಂದಿದ್ದರೇ ಎಂದು ಕೇಳಲು ಹೊರಟಿದ್ದೆ. ಬೇಡ, ಹೇಳಬೇಡ. ಊಟದ ಹೊತ್ತಿನಲ್ಲಿ ನೀನು, 'ನೂರಹದಿನೈದು ಆಯಿತು, ಕೊಠಡಿ ಉಳಿಯಿತು' ಎಂದೆ. ಎಲ್ಲರಿಗೂ ಸಂತೋಷವಾಯಿತು. ಮೂರು ವಾರದಲ್ಲಿ ಹನ್ನೊಂದು ಜನರ ಮನಸ್ಸು ಬದಲಾದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ನೀನು ಅದನ್ನು ಹೇಳುವಾಗ ಎಲ್ಬರ್ಟ್ ತಟ್ಟೆ ನೋಡುತ್ತಿದ್ದ.

ನಾನು ಈ ಊರಿಗೆ ಬಂದು ಹತ್ತು ವರ್ಷವಾಯಿತು. ಕಾಗದವನ್ನು ಅನುಮಾನಿಸುವುದೇ ನನ್ನ ಕೆಲಸ. ಮನುಷ್ಯರನ್ನೂ ಹಾಗೇ ನೋಡುವ ಚಾಳಿ ಬಿದ್ದಿದ್ದರೆ ಕ್ಷಮಿಸು.

ಊಟಕ್ಕೆ ದುಡ್ಡಿಡುವ ವಿಷಯ. ನಾವು ಯಾರ ಕೆಲಸವನ್ನು ತಪಾಸಣೆ ಮಾಡುತ್ತೇವೋ ಅವರ ಮನೆಯಲ್ಲಿ ನಾವು ಏನನ್ನೂ ಬಿಟ್ಟಿಯಾಗಿ ತೆಗೆದುಕೊಳ್ಳುವಂತಿಲ್ಲ. ನಾನೂ ಹೊರಗೆ ಹೋದಾಗ ಹಾಗೇ ಇಟ್ಟು ಬರುತ್ತೇನೆ. ಆ ಮನೆಗಳಲ್ಲಿ ನನ್ನನ್ನೂ ಏನೋ ಒಂದು ಕರೆಯುತ್ತಿರಬೇಕು.

ಎಮೆಟ್


ಗ್ರಾಸಿ ಫೋರ್ಕ್
9 ಆಗಸ್ಟ್ 1997

ಎಮೆಟ್,

ಅಪ್ಪ ಅಮ್ಮನ ಸಮಾಧಿಗೆ ಹೂ ಇಡಲು ಬಂದವನು ನನ್ನ ಗಂಡನ ಬೂಟು ನೋಡಿಕೊಂಡು ಹೋದೆ.

ಯಾರು ಕಳಿಸಿದರು ನಿನ್ನನ್ನು? ಊಟಕ್ಕೆ ದುಡ್ಡಿಟ್ಟು ಹೋದವಳಾ? ಸಭೆಯಿಂದ ಹೊರಗೆ ಹೋಗುತ್ತೇನೆ ಎನ್ನುತ್ತೀಯ. ಹೊರಗೆ ಹೋದವನು ಎಲ್ಲಿಗೆ ಹೋಗುತ್ತಾನೆ ಎಂದು ನನಗೇನು ಗೊತ್ತು? ನಮ್ಮ ಕಡೆ ಗಣಿಯ ಮಾಲೀಕರೂ ಹಾಗೇ ಮಾಡುತ್ತಿದ್ದರು. ಯಾರದೋ ತಮ್ಮನನ್ನೋ ಅಳಿಯನನ್ನೋ ಊಟಕ್ಕೆ ಕಳಿಸಿ ಮನೆಯ ಮಾತು ತರಿಸಿಕೊಳ್ಳುತ್ತಿದ್ದರು. ಅಪ್ಪ ಹೇಳುತ್ತಿದ್ದುದು ನಿನಗೆ ಮರೆತಿರಬಹುದು.

ಲೂಥರ್ ಚೆನ್ನಾಗಿದ್ದಾನೆ. ಪರೀಕ್ಷೆಯ ಕಾಗದ ನೋಡಿದರೆ ಮೂವತ್ತರ ಹುಡುಗನ ಎದೆ ಎನ್ನಬೇಕು, ಹಾಗಿದೆ. ಸಾಕಾ?

ಈ ವರ್ಷದ ಪರೀಕ್ಷೆಗಳ ಮೂಲ ಕಾಗದಗಳನ್ನೇ ನೋಡಲು ಅಕ್ಟೋಬರಿನಲ್ಲಿ ಮತ್ತೆ ಬರುತ್ತಾರಂತೆ ನಿಮ್ಮ ಹಾಲ್ವರ್ಸನ್. ಒಪ್ಪಂದದ ಪ್ರಕಾರ ಅವರಿಗೆ ಆ ಹಕ್ಕಿದೆ. ಅನುದಾನದ ಕಾಲದಲ್ಲಿ ಯಾರೂ ಹೀಗೆ ಕೇಳುತ್ತಿರಲಿಲ್ಲ.

ಇನ್ನು ಬರೆಯಬೇಡ. ಬರೆದರೂ ಲೂಥರ್ ಬಗ್ಗೆ ಬೇಡ.

ರೊವೀನಾ


ಮೇರಿಲ್ಯಾಂಡ್
4 ಅಕ್ಟೋಬರ್ 1997

ಅಕ್ಕ,

ಬರೆಯಬೇಡ ಎಂದಿದ್ದೆ. ಎರಡು ವಿಷಯ ಬರೆದು ನಿಲ್ಲಿಸುತ್ತೇನೆ.

ಒಂದು. ಸಭೆಯ ದಿನ ಎಂದಿನಂತೆ ಹೊರಗೆ ನಿಂತೆ. ಬೇರೆ ಸಲ ಯಂತ್ರದಿಂದ ಒಂದು ಪೊಟ್ಟಣ ಕಡಲೆಕಾಯಿ ತೆಗೆದು ಅರ್ಧ ತಿನ್ನುವಷ್ಟರಲ್ಲಿ ಕರೆಯುತ್ತಾರೆ. ಈ ಸಲ ಮೂರು ಪೊಟ್ಟಣ ತಿಂದೆ.

ಎರಡು. ಇದರ ಜೊತೆ ಒಂದು ಪತ್ರಿಕೆಯ ತುಣುಕು ಇಟ್ಟಿದ್ದೇನೆ. ಎಲ್ಲರೂ ಓದುವ ಪತ್ರಿಕೆ, ಗುಟ್ಟೇನಲ್ಲ. ಕಳೆದ ತಿಂಗಳು ಬಹಿರಂಗ ಸಭೆಯೊಂದರಲ್ಲಿ ಎಲ್ಲ ಚಿಕಿತ್ಸಾಲಯಗಳ ಮೊದಲ ಅಂಕಿಗಳನ್ನು ಹೇಳಿದರು. ಗಣಿ ಮಾಲೀಕರ ಸಂಘದವನೊಬ್ಬ ಅದನ್ನು ಹಿಡಿದುಕೊಂಡು ಹೇಳಿರುವುದನ್ನು ಕೆಳಗಿನಿಂದ ಮೂರನೇ ಸಾಲಿನಲ್ಲಿ ಓದು. 'ಇಪ್ಪತ್ತು ವರ್ಷ ದುಡಿದವರ ಶ್ವಾಸಕೋಶವೂ ಇಷ್ಟು ಗಟ್ಟಿಯಾಗಿರುವಾಗ ಧೂಳಿನ ಮಿತಿಯನ್ನು ಇಳಿಸುವ ಅಗತ್ಯವೇನು?'

ನಾನು ಏನನ್ನೂ ಹೇಳುತ್ತಿಲ್ಲ.

ಎಮೆಟ್


ಗ್ರಾಸಿ ಫೋರ್ಕ್
26 ಅಕ್ಟೋಬರ್ 1997

ಎಮೆಟ್,

ನಿನ್ನ ಮೂರು ಪೊಟ್ಟಣದ ಅರ್ಥ ನನಗೆ ಆಯಿತು. ಆ ತುಣುಕನ್ನು ಲೂಥರ್‌ಗೂ ಓದಿ ಹೇಳಿದೆ. ಅವನು ಎದ್ದು ಕೊಟ್ಟಿಗೆಗೆ ಹೋಗಿ ಕಟ್ಟಿಗೆ ಒಡೆಯಲು ನಿಂತ. ನಾಲ್ಕು ತುಂಡು ಒಡೆದು ಕೂತುಬಿಟ್ಟ.

ಮಂಗಳವಾರ ಹಾಲ್ವರ್ಸನ್ ಬಂದರು. ಕಾಗದಗಳನ್ನೆಲ್ಲ ಉದ್ದ ಮೇಜಿನ ಮೇಲೆ ಹರಡಿದರು. ಮಧ್ಯಾಹ್ನದವರೆಗೆ ಒಂದೊಂದಾಗಿ ನೋಡಿದರು. ಆಮೇಲೆ ಎರಡು ಕಾಗದ ಎತ್ತಿಕೊಂಡು ಕಿಟಕಿಯ ಹತ್ತಿರ ಹೋದರು, ಒಂದರ ಮೇಲೊಂದಿಟ್ಟು ಗಾಜಿಗೆ ಒತ್ತಿ ಹಿಡಿದರು. ಬೇರೆ ಬೇರೆ ಇಬ್ಬರ ನಂಬರಿನ ಕಾಗದ. ಬೆಳಕಿನಲ್ಲಿ ಎರಡು ಗೆರೆ ಒಂದೇ ಗೆರೆಯಾಗಿ ಕಾಣುತ್ತಿತ್ತು. ಏರಿದ ರೀತಿ ಒಂದೇ, ಕೊನೆಯಲ್ಲಿ ಗಂಟಲು ಬಿಗಿದಂತೆ ಒಂದು ಸಣ್ಣ ತಗ್ಗು, ಅದೂ ಒಂದೇ. ಮೂರನೆಯದನ್ನು ಇಟ್ಟರು. ನಾಲ್ಕನೆಯದನ್ನು ಇಟ್ಟರು. ನಾನು ಚಿಮಟಗಳನ್ನು ತೊಳೆಯುತ್ತಲೇ ಇದ್ದೆ.

"ಮಿಸೆಸ್ ಕೂಂಬ್ಸ್, ಯಂತ್ರ ಸರಿ ಇದ್ಯಾ?" ಎಂದು ಕೇಳಿದರು.

"ಯಾಕೆ ಕೇಳ್ತಿದ್ದೀರಿ?"

"ಮೇ ಕೊನೇಲಿ ಸೂಜಿ ಕೆಟ್ಟಿದ್ರೆ ಹೇಳಿ. ಆ ದಿನಗಳ ಕಾಗದ ತೆಗೆದು ಪಕ್ಕಕ್ಕಿಡ್ತೀವಿ. ಯಂತ್ರ ಕೆಡೋದು ಎಲ್ಲ ಕಡೆ ಇರೋದೇ."

"ಪಕ್ಕಕ್ಕಿಟ್ಟು?"

"ಇನ್ನೊಂದ್ಸಲ ಮಾಡಿಸ್ತೀವಿ. ಅಷ್ಟೆ."

"ನೋಡಿ ಹೇಳ್ತೀನಿ," ಎಂದೆ.

ಐದು ದಿನದಿಂದ ಅದೇ ಯೋಚನೆ. ಅದು ಕರುಣೆಯೋ, ಬಲೆಯೋ? ಯಂತ್ರ ಕೆಟ್ಟಿತ್ತು ಎಂದು ನಾನು ಬರೆದುಕೊಟ್ಟರೆ ಅದೇ ಕಾಗದವನ್ನು ನನ್ನ ಕುತ್ತಿಗೆಗೆ ಕಟ್ಟಲು ಅವಳು ಕಾದಿದ್ದಾಳೋ? ಅಥವಾ ನಿಜವಾಗಿಯೂ ಬಾಗಿಲು ತೆರೆದಿಟ್ಟಳೋ? ಅವಳ ಮುಖ ನೋಡಿದರೆ ಏನೂ ತಿಳಿಯುವುದಿಲ್ಲ. ನೀನು ಅವಳ ಜೊತೆ ಏಳು ವರ್ಷ ಕೆಲಸ ಮಾಡಿದ್ದೀಯ. ಒಂದೇ ಒಂದು ಮಾತು ಬರೆ. ನಂಬಬಹುದೋ, ಬಾರದೋ?

ನಾನು ಏನು ಮಾಡಿದೆ, ಮಾಡಲಿಲ್ಲ ಎಂದು ಈ ಪತ್ರದಲ್ಲಿ ಬರೆದಿಲ್ಲ. ಗಮನಿಸು.

ಅಕ್ಕ


ಮೇರಿಲ್ಯಾಂಡ್
3 ನವೆಂಬರ್ 1997

ಅಕ್ಕ,

ನಿನ್ನ 26ರ ಪತ್ರವನ್ನು ಓದಿದ ಗಂಟೆಯಲ್ಲೇ ಕೆಳಗಿನ ಮಹಡಿಗೆ ತೆಗೆದುಕೊಂಡು ಹೋಗಿ ಶ್ರೀಮತಿ ಹಾಲ್ವರ್ಸನ್ ಅವರ ಮೇಲಧಿಕಾರಿಯ ಕೈಗೆ ಕೊಟ್ಟೆ. ಜೂನ್ ತಿಂಗಳಲ್ಲಿ ಗುಡ್ಡದ ಮೇಲೆ ನಾನು ಕಂಡದ್ದನ್ನೂ ಬರೆದು ಸಹಿ ಮಾಡಿ ಕೊಟ್ಟೆ. ಯಾರೂ ಕೇಳಿರಲಿಲ್ಲ. ಸುಮಾರು ಐದು ತಿಂಗಳು ತಡವಾಗಿ ಕೊಟ್ಟಿದ್ದೇನೆ, ಅದಕ್ಕೆ ಶಿಕ್ಷೆ ಇದ್ದರೆ ನನಗೂ ಇರಲಿ.

ಕೊಡುತ್ತೇನೆ ಎಂದು ಮಾರ್ಚಿನಲ್ಲೇ ಹೇಳಿದ್ದೆ. ನೀನು ನಂಬಿರಲಿಲ್ಲ. ಕೊಡುವ ಗಳಿಗೆ ಬಂದಾಗ ನಾನೂ ನನ್ನನ್ನು ನಂಬಿರಲಿಲ್ಲ.

ಅವರನ್ನು ನಂಬಬಹುದೇ ಎಂದು ಕೇಳಿದೆ. ಉತ್ತರಿಸುವಂತಿಲ್ಲ. ಅವರಿಗೇ ಬರೆ, ನನಗಲ್ಲ. ನಿನ್ನ ಪತ್ರ ತಲುಪಿದ್ದರಿಂದ ಯಂತ್ರ ಕೆಟ್ಟಿತ್ತು ಎಂಬ ಮಾತು ಇನ್ನು ನಡೆಯುವುದಿಲ್ಲ. ಆ ಬಾಗಿಲನ್ನು ಮುಚ್ಚಿದವನು ನಾನು. ಅವರಲ್ಲ.

ಭಾವ ನನ್ನ ಮುಖ ನೋಡುವುದಿಲ್ಲ ಎಂದರೆ ಅರ್ಥ ಮಾಡಿಕೊಳ್ಳುತ್ತೇನೆ. ಅವರು ಡಾಕ್ಟರ ಹತ್ತಿರ ಹೋಗಲಿ. ನನಗೆ ಬೇಕಾದ್ದು ಅಷ್ಟೆ.

ಎಮೆಟ್


ಗ್ರಾಸಿ ಫೋರ್ಕ್
22 ನವೆಂಬರ್ 1997

ಶ್ರೀಮತಿ ಹಾಲ್ವರ್ಸನ್ ಅವರಿಗೆ.
ಪ್ರತಿ: ಎಮೆಟ್ ಹ್ಯಾಚರ್

ಮಾನ್ಯರೇ,

ಯಂತ್ರ ಸರಿಯಾಗಿತ್ತು. ಸೂಜಿಯೂ ಸರಿಯಾಗಿತ್ತು. ಮೇ 27ರಿಂದ ಜೂನ್ 6ರವರೆಗಿನ ಹನ್ನೊಂದು ಪರೀಕ್ಷೆಗಳಲ್ಲಿ ಊದಿದವನು ಒಬ್ಬನೇ. ಅವನು ನಮ್ಮ ಚರ್ಚಿನಲ್ಲಿ ಹಾಡಿಸುವವನು, ಗಣಿಯವನಲ್ಲ. ಚಿಮಟ ಹಾಕಿದವಳು ನಾನು, ಕಾಗದದ ಮೇಲೆ ಬೇರೆಯವರ ನಂಬರ್ ಬರೆದವಳೂ ನಾನು. ನಮ್ಮ ಡಾಕ್ಟರಿಗೆ ಗೊತ್ತಿರಲಿಲ್ಲ. ಹಾಡಿಸುವವನಿಗೆ ಒಂದು ಬಿಡಿಗಾಸೂ ಕೊಟ್ಟಿಲ್ಲ. ಕೊಠಡಿ ಉಳಿಯಲಿ ಎಂದು ಬಂದ.

ಆ ಹನ್ನೊಂದು ಜನರ ಹೆಸರನ್ನು ನಾನು ಬರೆಯುವುದಿಲ್ಲ. ಹೆಸರು ಹೊರಗೆ ಬಿಡುವುದಿಲ್ಲ ಎಂದು ನಿಮ್ಮ ಇಲಾಖೆಯ ಕಾಗದದ ಮೇಲೆಯೇ ಅವರಿಗೆ ಮಾತು ಕೊಟ್ಟಿದ್ದೇವೆ. ಅವರ ನಂಬರುಗಳನ್ನು ಇನ್ನೊಂದು ಹಾಳೆಯಲ್ಲಿ ಕೊಟ್ಟಿದ್ದೇನೆ. ಅವರು ಬರದೆ ಇದ್ದದ್ದು ನಿಮಗೆ ಹೆದರಿ ಅಲ್ಲ, ಕೆಲಸ ಹೋಗುತ್ತದೆ ಎಂದು ಹೆದರಿ. ನಾನು ಎಣಿಸಿದ್ದು ಕೊಠಡಿ ಮುಚ್ಚಬಾರದು ಎಂಬುದನ್ನು ಮಾತ್ರ. ಸುಳ್ಳು ಎದೆ ತೋರಿಸಿದರೆ ಧೂಳಿನ ಪರವಾಗಿ ಸಾಕ್ಷಿ ಹೇಳಿದಂತಾಗುತ್ತದೆ ಎಂದು ಹೊಳೆಯಲಿಲ್ಲ. ಹದಿನಾರು ವರ್ಷ ಈ ಕೆಲಸ ಮಾಡಿದವಳಿಗೆ ಹೊಳೆಯಬೇಕಿತ್ತು.

ಕಳೆದ ಎರಡು ವಾರದಲ್ಲಿ ಆ ಹನ್ನೊಂದು ಜನರ ಮನೆಗೂ ಹೋಗಿ ನನ್ನ ತಮ್ಮ ಕಳಿಸಿದ ಪತ್ರಿಕೆಯ ತುಣುಕನ್ನು ಓದಿ ಹೇಳಿದೆ. ಒಬ್ಬ ಬಾಗಿಲು ತೆರೆಯಲಿಲ್ಲ. ಒಬ್ಬ, "ನಿನ್ನ ತಮ್ಮನಿಗೆ ಹೇಳು, ನಮ್ಮೂರಿನ ಕಡೆ ಬಂದ್ರೆ ಬರೋವಾಗ ಊಟ ಕಟ್ಕೊಂಡು ಬಾ ಅಂತ," ಎಂದ. ಒಟ್ಟು ನಾಲ್ಕು ಜನ ಬರುವುದಿಲ್ಲ ಎಂದರು. ಏಳು ಜನ ಬಂದು ಊದಿದ್ದಾರೆ. ಆ ಏಳೂ ಪರೀಕ್ಷೆಗಳನ್ನು ಮಾಡಿಸಿದವರು ನಮ್ಮ ಡಾಕ್ಟರೇ, ನಾನಲ್ಲ. ಮೂಲ ಕಾಗದಗಳು ಈ ಲಕೋಟೆಯಲ್ಲಿವೆ. ಅವನ್ನು ಕಿಟಕಿಗೆ ಹಿಡಿದರೆ ಒಂದರ ಮೇಲೊಂದು ಕೂರುವುದಿಲ್ಲ.

ನೂರನಾಲ್ಕು ಮತ್ತು ಏಳು, ನೂರಹನ್ನೊಂದು. ಷರತ್ತಿಗೆ ಒಂದು ಕಡಿಮೆ. ಕೊಠಡಿಯನ್ನು ಏನು ಮಾಡುತ್ತೀರೋ ನಿಮಗೆ ಬಿಟ್ಟದ್ದು. ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡಿ. ನಾನು ನಿನ್ನೆಯೇ ಬೀಗದ ಕೈ ಒಪ್ಪಿಸಿದ್ದೇನೆ. ಆ ಯಂತ್ರವನ್ನು ಇನ್ನೊಬ್ಬಳು ಎರಡು ವಾರದಲ್ಲಿ ಕಲಿಯಬಲ್ಲಳು.

ನಿಮ್ಮನ್ನು ನಂಬಬೇಕೋ ಬಾರದೋ ನನಗೆ ಇನ್ನೂ ಗೊತ್ತಿಲ್ಲ. ನಂಬಿ ಬರೆದ ಪತ್ರವಲ್ಲ ಇದು.

ಏಳನೆಯವನು ನನ್ನ ಗಂಡ ಲೂಥರ್ ಕೂಂಬ್ಸ್. ಅವನ ಹೆಸರನ್ನು ಮಾತ್ರ ಅವನ ಒಪ್ಪಿಗೆಯಿಂದ ಬರೆಯುತ್ತಿದ್ದೇನೆ. ಗುರುವಾರ ಪಾಳಿ ಮುಗಿಸಿ ಮುಖ ತೊಳೆಯದೆ ನೇರವಾಗಿ ಬಂದ. ಮೂರು ಸಲ ಊದಿದ. ಸೂಜಿ ಏರಬೇಕಾದ ಎತ್ತರದ ಅರ್ಧಕ್ಕಿಂತ ಸ್ವಲ್ಪ ಮೇಲೆ ಹೋಗಿ ನಿಂತಿತು, ಮೂರು ಸಲವೂ ಅಲ್ಲೇ. ಡಾಕ್ಟರು ಕಾಗದ ಹರಿದು ಅವನ ಕೈಗೆ ಕೊಟ್ಟರು. ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕ ಕೂತು ತುಂಬ ಹೊತ್ತು ನೋಡಿದ.

"ಇದು ನಂದೇನಾ?"

"ನಿಂದೇ."

"ಸರಿ. ಕಳ್ಸು."

ಕಳಿಸುತ್ತಿದ್ದೇನೆ.

ರೊವೀನಾ ಹ್ಯಾಚರ್ ಕೂಂಬ್ಸ್